ಬ್ಯಾಟರಿ ಗಾಡಿ ಜಾಹೀರಾತಿನಲ್ಲಿ ನಾನು ತೀರಿಕೊಂಡ ವಿಚಾರ

ಯರ್ರಿಸ್ವಾಮಿ ಬಿನ್ ಲೇಟ್ ಚಿಕ್ಕಹನುಮಂತಪ್ಪ, ವಯಸ್ಸು 56 ವರ್ಷ, ಹಿಟ್ಟಿನ ಗಿರಣಿ ನಡೆಸುವ ಕೆಲಸ, ವಾಸ ತ್ಯಾವಣಿಗೆ ಗ್ರಾಮ, ಚನ್ನಗಿರಿ ತಾಲ್ಲೂಕು, ದಾವಣಗೆರೆ ಜಿಲ್ಲೆ. ದಿನಾಂಕ 16-10-2025ರ ಗುರುವಾರ ಮಧ್ಯಾಹ್ನ 2-30 ಗಂಟೆಗೆ ಚನ್ನಗಿರಿಯಲ್ಲಿ ಠಾಣೆಗೆ ಖುದ್ದು ಹಾಜರಾಗಿ ಕೊಟ್ಟ ಹೇಳಿಕೆ.

ಈ ಮೂಲಕ ತಿಳಿಸುವುದೇನೆಂದರೆ, ನಾನು ಬದುಕಿದ್ದೇನೆ. ಬೇರೆ ಏನನ್ನು ಬರೆದುಕೊಳ್ಳುವ ಮೊದಲು ಇದನ್ನು ಬರೆದುಕೊಳ್ಳಿ ಎಂದು ನಾನೇ ಕೇಳಿಕೊಂಡಿರುತ್ತೇನೆ. ಗಿರಣಿ ಸದ್ದಿನಲ್ಲಿ ಇಪ್ಪತ್ತೆಂಟು ವರ್ಷ ನಿಂತು ನನಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಬರೆದುಕೊಳ್ಳುತ್ತಿರುವ ಸಾಹೇಬರು ಇಷ್ಟರಲ್ಲೇ ಎರಡು ಸಲ ಕೂಗಬೇಡಿ ಅಂದಿದ್ದಾರೆ. ಇದು ಕೂಗಾಟವಲ್ಲ, ನನ್ನ ಮಾತೇ ಹೀಗೆ.

ನನ್ನ ಹುಟ್ಟೂರು ಜಗಳೂರು. ಮದುವೆಯಾದ ಮೇಲೆ ಹೆಂಡತಿ ಪ್ರಮೀಳಾಳ ಊರಾದ ತ್ಯಾವಣಿಗೆಯಲ್ಲಿ ನೆಲೆಸಿ ಗಿರಣಿ ಹಾಕಿಕೊಂಡಿದ್ದೇನೆ. ನನಗೆ ಒಡಹುಟ್ಟಿದವಳೆಂದರೆ ಅಕ್ಕ ದುರುಗಕ್ಕ ಒಬ್ಬಳೇ. ಅವಳಿಗೆ ಈಗ ಎಪ್ಪತ್ತರ ಹತ್ತಿರ. ಜಗಳೂರಿನಲ್ಲಿ ಮಗ ಪರಶುರಾಮನ ಜೊತೆ ಇದ್ದಾಳೆ. ನಾನು ತೊಟ್ಟಿಲಲ್ಲಿದ್ದಾಗ ನಮ್ಮ ಅವ್ವ ಹೋದಳು, ಅಲ್ಲಿಂದಾಚೆ ನನಗೆ ಅವ್ವನೂ ಇವಳೇ. ಅಕ್ಕನಿಗೆ ಶುಗರ್ ಇದೆ. ಎರಡು ಹೊತ್ತು ಮಾತ್ರೆ ತಪ್ಪುವಂತಿಲ್ಲ, ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳಬೇಕು. ಈ ಪ್ರಕರಣದಲ್ಲಿ ನನ್ನ ಕರುಳಿಗೆ ತಾಗಿದ್ದು ಇದೊಂದೇ ವಿಚಾರ. ನಾನು ಸತ್ತೆ ಎಂಬುದನ್ನು ಹೇಗೋ ತಡೆದುಕೊಳ್ಳಬಹುದಿತ್ತು.

ದಿನಾಂಕ 12-10-2025ರ ಭಾನುವಾರ ಬೆಳಿಗ್ಗೆ ಸುಮಾರು 11 ಗಂಟೆಗೆ ಚನ್ನಗಿರಿ ಬಸ್ ಸ್ಟ್ಯಾಂಡ್ ಹಿಂದೆ ಇರುವ ಜಂಪಣ್ಣ ಎಂಬುವರ ಅಂಗಡಿಯಲ್ಲಿ ಕೆಂಪು ಬಣ್ಣದ ಒಂದು ಬ್ಯಾಟರಿ ಸ್ಕೂಟರ್ ತೆಗೆದುಕೊಂಡೆನು. ಹಗಲೆಲ್ಲ ಗಿರಣಿ ಸದ್ದು ಕೇಳಿದವನಿಗೆ ಸದ್ದು ಮಾಡದ ಗಾಡಿ ಬೇಕಾಗಿತ್ತು. ಜಂಪಣ್ಣನವರು ಗಾಡಿಯ ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ ಹಾಕಿಸಿ, ಗಾಲಿಗೆ ನಿಂಬೆಹಣ್ಣು ಇಡಿಸಿ, ನನ್ನನ್ನು ಕೂರಿಸಿ ಫೋಟೋ ತೆಗೆದರು. ನಗಿ ಎಂದರು. ನನಗೆ ಫೋಟೋಗೆ ನಗುವ ಅಭ್ಯಾಸವಿಲ್ಲ. ಈಗ ಆನ್‌ಲೈನಿನಲ್ಲೂ ಗಾಡಿ ಮಾರುತ್ತೇವೆ, ಈ ಫೋಟೋ ಜಾಹೀರಾತಿಗೆ ಹಾಕಿಕೊಳ್ಳಲೇ ಎಂದು ಕೇಳಿದರು. ನನ್ನ ಮುಖ ನೋಡಿ ಯಾರು ಗಾಡಿ ತಗೊಳ್ಳುತ್ತಾರೆ, ಹಾಕಿಕೊಳ್ಳಿ ಎಂದೆನು. ಒಪ್ಪಿದ್ದು ನಾನೇ, ಅದನ್ನು ಮುಚ್ಚಿಡುವುದಿಲ್ಲ.

ದಿನಾಂಕ 15-10-2025ರ ಬುಧವಾರ ಬೆಳಿಗ್ಗೆ 7 ಗಂಟೆಗೆ ಗಿರಣಿ ತೆಗೆದೆ. ದಿನಾ ನಾಲ್ಕಾರು ಡಬ್ಬಿ ಸಾಲಿನಲ್ಲಿರುತ್ತವೆ, ಅಂದು ಒಂದೂ ಇಲ್ಲ. ಹಿಂದಿನ ದಿನ ಉಳಿದಿದ್ದ ಜೋಳ ಬೀಸುತ್ತ ನಿಂತೆ. 8 ಗಂಟೆ ಹೊತ್ತಿಗೆ ಮೇಲಿನ ಓಣಿಯ ಹೆಂಗಸೊಬ್ಬಳು ರಾಗಿ ಡಬ್ಬಿ ಹಿಡಿದು ಬಂದವಳು ನನ್ನನ್ನು ನೋಡಿ, ಡಬ್ಬಿ ಅಲ್ಲೇ ಇಟ್ಟು ಓಡಿದಳು. ಬೆಲ್ಟ್ ಹರಿದಿರಬೇಕೆಂದು ನಾನು ಹಿಂತಿರುಗಿ ಮಷಿನ್ ನೋಡಿದೆ. ಬೆಲ್ಟ್ ಸರಿಯಾಗಿತ್ತು. ಡಬ್ಬಿ ಇನ್ನೂ ನಮ್ಮಲ್ಲೇ ಇದೆ.

ಸುಮಾರು 11 ಗಂಟೆಗೆ ನ್ಯಾಮತಿಯಿಂದ ನನ್ನ ಷಡ್ಡಕ ಧರ್ಮಪ್ಪ ಹೆಂಡತಿ ಸಮೇತ ಆಟೋದಲ್ಲಿ ಬಂದಿಳಿದನು. ಕೈಯಲ್ಲಿ ದೊಡ್ಡ ಹಾರ. ಆತನ ಹೆಂಡತಿ ಓಣಿಯ ಬಾಯಿಂದಲೇ ಅಳುತ್ತ ಬಂದು ಪ್ರಮೀಳಾಳನ್ನು ತಬ್ಬಿಕೊಂಡಳು. ಪ್ರಮೀಳಾ ಖಾರ ಕುಟ್ಟುತ್ತಿದ್ದವಳು. ಯಾರು ಹೋದರು ಎಂದು ಕೇಳಿದ್ದಕ್ಕೆ ಅವಳ ತಂಗಿ ನಿನ್ನ ಗಂಡ ಎಂದಳು. ಪ್ರಮೀಳಾ ಸಿಟ್ಟಾಗಿ, ಹಣೆ ಮೇಲಿನ ಕುಂಕುಮ ಕಾಣುವುದಿಲ್ಲವೇ, ಕಣ್ಣಿಗೇನು ಮಣ್ಣು ಬಿದ್ದಿದೆಯೇ ಎಂದು ಬೈದಳು. ಅಷ್ಟರಲ್ಲಿ ನಾನು ಗಿರಣಿಯಿಂದ ಹೊರಗೆ ಬಂದೆ. ಧರ್ಮಪ್ಪ ಹಾರ ಹಿಡಿದುಕೊಂಡೇ ನಿಂತನು. ಅದನ್ನು ಏನು ಮಾಡಬೇಕೆಂದು ಆತನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಕೊನೆಗೆ ನನ್ನ ಗಾಡಿಗೆ ಹಾಕಿದನು.

ಒಂದು ಫೋನ್ ಮಾಡಿ ಕೇಳಬಾರದಿತ್ತೇ ಎಂದು ಕೇಳಿದೆ. ಸಾವಿನ ಮನೆಗೆ ಫೋನ್ ಮಾಡಿ ನಿಜವೇ ಎಂದು ಯಾರು ಕೇಳುತ್ತಾರೆ ಎಂದನು. ಅದೂ ಸರಿಯೇ. ತನ್ನ ಮೊಬೈಲ್ ತೋರಿಸಿದನು. ಯಾರದೋ ಸ್ಟೇಟಸ್ಸಿನಲ್ಲಿ ನಾನಿದ್ದೆ. ಎದೆಮಟ್ಟದ ಫೋಟೋ, ಕಪ್ಪು-ಬಿಳುಪು. ಕೊರಳಲ್ಲಿ ಹಾರ. ಎಡಕ್ಕೆ ಬಲಕ್ಕೆ ಉರಿಯುವ ಹಿತ್ತಾಳೆ ದೀಪ. ಕೆಳಗೆ ಶ್ರೀ ಯರ್ರಿಸ್ವಾಮಿ, ತ್ಯಾವಣಿಗೆ, 12-10-2025. ಮೇಲೆ ದೊಡ್ಡ ಅಕ್ಷರದಲ್ಲಿ ಶಬ್ದವಿಲ್ಲ, ಹೊಗೆಯಿಲ್ಲ ಎಂದಿತ್ತು. ನಾನೂ ನೋಡಿದ ಕೂಡಲೇ ಪಾಪ ಅಂದುಕೊಂಡೆ.

ರಾತ್ರಿ ಒಂಬತ್ತಕ್ಕೆ ಮೊಬೈಲ್ ಆಫ್ ಮಾಡಿ ಮಲಗುವುದು ನನ್ನ ರೂಢಿ. ಅದನ್ನು ಆಗ ಆನ್ ಮಾಡಿದೆ. ತಕ್ಷಣ ಪರಶುರಾಮನ ಫೋನ್ ಬಂತು. ಹಲೋ ಎಂದೆ. ಹುಡುಗ ಮಾವ ಎಂದು ಅತ್ತನು. ಹಿಂದಿನ ಸಂಜೆ ಪಕ್ಕದ ಮನೆಯವರ ಮೊಬೈಲಿನಲ್ಲಿ ಅಕ್ಕ ಈ ಚಿತ್ರ ನೋಡಿದಳಂತೆ. ತಲೆಗೆ ನೀರು ಹಾಕಿಕೊಂಡು, ಒಲೆ ಆರಿಸಿ, ಗೋಡೆಗೆ ಮುಖ ಮಾಡಿ ಕೂತವಳು ಅನ್ನ ಮುಟ್ಟಿಲ್ಲ, ಮಾತ್ರೆಯನ್ನೂ ಮುಟ್ಟಿಲ್ಲ. ತ್ಯಾವಣಿಗೆಗೆ ಹೊರಡಿಸೋಣವೆಂದರೆ ಎದ್ದು ನಿಲ್ಲಲು ಕಾಲಿನಲ್ಲಿ ಶಕ್ತಿಯಿಲ್ಲ ಎಂದನು.

ವಿಡಿಯೋ ಕಾಲ್ ಮಾಡಿಸಿ ಅಕ್ಕನ ಮುಂದೆ ಹಿಡಿ ಎಂದೆನು. ಹಾಗೆ ಮಾಡಿದ್ದೇ ತಪ್ಪಾಯಿತು. ನಾನು ಗಿರಣಿ ಬಾಗಿಲಲ್ಲಿದ್ದೆ, ಮುಖಕ್ಕೆಲ್ಲ ಬಿಳಿ ಹಿಟ್ಟು. ನೆಟ್‌ವರ್ಕ್ ಸಿಗದೆ ನನ್ನ ಮುಖ ಬಾಯಿ ತೆರೆದಂತೆಯೇ ನಿಂತುಬಿಟ್ಟಿತಂತೆ. ಅಕ್ಕ ಹೇಳಿದ್ದು ನನಗೆ ಕೇಳಿಸಿತು. “ಇದು ಕಂಪ್ಯೂಟ್ರು ಮಾಡಿರೋದು. ಸತ್ತೋರ ಕೈಲಿ ಮಾತಾಡಿಸ್ತಾರಂತೆ ಈಗ, ಟೀವಿಯಾಗೆ ತೋರ್ಸ್ಯಾರೆ. ತೆಗಿ ಅದನ್ನ, ನನ್ ತಮ್ಮನ್ನ ಗೊಂಬೆ ಮಾಡ್ಬ್ಯಾಡ್ರಿ.”

ಕೋಪ ನೆತ್ತಿಗೇರಿ ಜಂಪಣ್ಣನವರಿಗೆ ಫೋನ್ ಮಾಡಿದೆ. ಅವರು, ಚಿತ್ರ ಮಾಡಿದ್ದು ಹೊನ್ನಾಳಿಯ ಸಂಘಮಿತ್ರಾ ಎಂಬ ಹುಡುಗಿ, ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಅಂಗಡಿಗಳಿಗೆ ಜಾಹೀರಾತು ಮಾಡಿಕೊಡುತ್ತಾಳೆ ಎಂದು ಹೇಳಿ ಲೈನಿಗೆ ಸೇರಿಸಿದರು. ನಾನು ಬೈದೆ. ಏನೇನು ಬೈದೆ ಎಂದು ಬರೆಯುವುದು ಬೇಡ. ಆ ಮಗು ಅಂಕಲ್, ಅಂಕಲ್ ಎನ್ನುತ್ತ ವಿವರ ಹೇಳಿತು. ಗಾಡಿ ಎದ್ದು ಕಾಣಲೆಂದು ಗಾಡಿಯನ್ನು ಕೆಂಪಗೇ ಬಿಟ್ಟು ನನ್ನನ್ನು ಕಪ್ಪು-ಬಿಳುಪು ಮಾಡಿದಳಂತೆ. ಹಾರ ಗಾಡಿಯ ಮುಂದಿನ ಲೈಟನ್ನು ಮುಚ್ಚುತ್ತಿತ್ತು, ಅದಕ್ಕೆ ಅಲ್ಲಿಂದ ತೆಗೆದು ನನ್ನ ಕೊರಳಿಗೆ ಹಾಕಿದಳಂತೆ. ದೀಪಾವಳಿ ಆಫರ್ ಎಂದು ದೀಪ. ಕೊಂಡವರ ಹೆಸರು, ಊರು, ತಾರೀಖು ಇದ್ದರೆ ಆನ್‌ಲೈನಿನಲ್ಲಿ ನೋಡುವವರಿಗೆ ನಂಬಿಕೆ ಬರುತ್ತದೆಂದು ಜಂಪಣ್ಣನವರೇ ಹಾಕಿಸಿದ್ದು. ಅಗಲದ ಚಿತ್ರದಲ್ಲಿ ಎಲ್ಲ ಸರಿ ಇತ್ತು. ಅದನ್ನೇ ಸ್ಟೇಟಸ್ಸಿಗೆ ಬರುವಂತೆ ಉದ್ದಕ್ಕೆ ಕತ್ತರಿಸಿದಾಗ ಗಾಡಿ ಹೊರಗೆ ಹೋಯಿತು, ನಾನು ಉಳಿದೆ. ನಾನು ಇದನ್ನು ನಿನ್ನೆಯಿಂದ ಲೆಕ್ಕ ಹಾಕುತ್ತಿದ್ದೇನೆ. ಒಂದೊಂದು ಕೆಲಸವೂ ಸರಿಯಾಗಿಯೇ ಇದೆ, ಕೂಡಿಸಿದರೆ ನಾನು ಸತ್ತಿದ್ದೇನೆ. ತಪ್ಪು ಯಾವ ಜಾಗದಲ್ಲಿ ಆಯಿತೆಂದು ಬೆರಳಿಟ್ಟು ತೋರಿಸಲು ನನಗೆ ಆಗುತ್ತಿಲ್ಲ.

ಮಧ್ಯಾಹ್ನ 1-15ಕ್ಕೆ ಗಾಡಿ ಹತ್ತಿ ಜಗಳೂರಿಗೆ ಹೊರಟೆನು. ಬಸ್ಸಿಗೆ ಹೋಗಿ ಎಂದು ಪ್ರಮೀಳಾ ಹೇಳಿದಳು, ಕೇಳಲಿಲ್ಲ. ಸುಮಾರು ಎಂಬತ್ತು ಕಿಲೋಮೀಟರ್ ದಾರಿ. ಒಂದೇ ಚಾರ್ಜಿಗೆ ಹೋಗುತ್ತದೆ ಎಂದು ಅಂಗಡಿಯಲ್ಲಿ ಹೇಳಿದ್ದರು. ದಾವಣಗೆರೆ ದಾಟಿ ಸ್ವಲ್ಪ ದೂರಕ್ಕೆ ಗಾಡಿ ಕುಂಟತೊಡಗಿತು. ರಸ್ತೆ ಬದಿಯ ಹೋಟೆಲಿನವರು ಚಾರ್ಜಿಗೆ ವೈರ್ ಕೊಟ್ಟರು. ಎರಡು ಗಂಟೆಗೂ ಹೆಚ್ಚು ಹೊತ್ತು ಅಲ್ಲಿ ಬೆಂಚಿನ ಮೇಲೆ ಕೂತಿದ್ದೆ. ಪರಶುರಾಮ ಫೋನ್ ಮಾಡಿ ಅವ್ವ ಮಾತಾಡುವುದನ್ನೂ ಬಿಟ್ಟಿದ್ದಾಳೆ ಎಂದನು. ಹೋಟೆಲಿನವರು ತಿಂಡಿ ತಿನ್ನಿ ಎಂದರು, ತಿನ್ನಲಿಲ್ಲ.

ಸಂಜೆ 6-40ಕ್ಕೆ, ದೀಪ ಹಚ್ಚುವ ಹೊತ್ತಿಗೆ, ಅಕ್ಕನ ಮನೆ ಮುಟ್ಟಿದೆ. ಗಾಳಿಗೆ ಕೂರಲೆಂದು ಆಕೆಯನ್ನು ಎತ್ತಿ ತಂದು ಕಟ್ಟೆಯ ಮೇಲೆ ಕೂರಿಸಿದ್ದರು. ಬೀದಿಗೆ ಬೆನ್ನು ಮಾಡಿ ಕೂತಿದ್ದಳು. ಗಾಡಿ ಸದ್ದು ಮಾಡುವುದಿಲ್ಲ. ನಾನು ಅವಳ ಬೆನ್ನ ಹಿಂದೆಯೇ ನಿಲ್ಲಿಸಿ ಅಕ್ಕ ಎಂದೆ. ಬೇರೆ ಗಾಡಿಯಾಗಿದ್ದರೆ ಓಣಿಯ ತುದಿಯಿಂದಲೇ ಯಾರೋ ಬಂದರೆಂದು ತಿಳಿಯುತ್ತಿತ್ತು. ಅವಳು ತಿರುಗಿದಳು. ನಾನು ಧೂಳಿನಲ್ಲಿ ಮುಳುಗಿದ್ದೆ. ಎದ್ದು ನಿಲ್ಲಲಾರದವಳು ಎದ್ದು ಒಳಗೆ ಓಡಿ ಬಾಗಿಲು ಹಾಕಿಕೊಂಡಳು.

ಒಳಗಿನಿಂದ ಅವಳು ಹೇಳಿದ್ದು: “ಹೋಗಪ್ಪ, ಹೋಗು. ನಿನ್ ಹೆಸರಿಗೆ ನೀರು ಹಾಕ್ಕೊಂಡೀನಿ. ಹಿಂದಕ್ಕೆ ತಿರುಗಿ ನೋಡಬ್ಯಾಡ, ನಾನೂ ಬರ್ತೀನಿ.”

ನಾನೂ ಬರ್ತೀನಿ ಎಂದದ್ದು ಕೇಳಿ ನನಗೆ ಹುಚ್ಚು ಹಿಡಿದಂತಾಯಿತು. ಬಾಗಿಲು ಬಡಿದೆ, ಬೈದೆ, ಓಣಿಯ ಜನ ಸೇರಿದರು. ಪಾದ ತೋರಿಸು ಎಂದಳು. ದೆವ್ವದ ಪಾದ ಹಿಂದುಮುಂದಾಗಿರುತ್ತದೆಂದು ನಮ್ಮ ಕಡೆ ಹೇಳುತ್ತಾರೆ. ಐವತ್ತಾರು ವರ್ಷದವನು ಎಲ್ಲರೆದುರು ಚಪ್ಪಲಿ ಬಿಟ್ಟು ಕಿಟಕಿಯ ಎತ್ತರಕ್ಕೆ ಕಾಲೆತ್ತಿ ತೋರಿಸಿದೆ. ಕತ್ತಲಲ್ಲಿ ಸರಿಯಾಗಿ ಕಾಣಿಸುವುದಿಲ್ಲ ಎಂದಳು. ಪರಶುರಾಮನೂ ಹೊರಗೆ ನನ್ನ ಪಕ್ಕ ನಿಂತು ಹೇಳಿ ಹೇಳಿ ಸೋತನು. ನಾನೂ ಸೋತು ಮೆಟ್ಟಿಲ ಮೇಲೆ ಕೂತೆ. ಅತ್ತೆನು. ಇದನ್ನು ಬರೆದುಕೊಳ್ಳಲು ನನ್ನ ಅಭ್ಯಂತರವಿಲ್ಲ. ಆಮೇಲೆ ಬಾಯಿಗೆ ಬಂದದ್ದನ್ನು ಹೇಳಿದೆ, ಯೋಚಿಸಿ ಹೇಳಿದ್ದಲ್ಲ.

“ಅಕ್ಕ, ಬೆಳಗ್ಗಿಂದ ಏನೂ ತಿಂದಿಲ್ಲ. ಹೊಟ್ಟೆ ಹಸಿದೈತೆ.”

ಒಳಗೆ ಗ್ಯಾಸ್ ಲೈಟರ್ ಟಕ್ ಟಕ್ ಎಂದಿತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬಾಗಿಲು ತೆಗೆದಿದ್ದು ಅದಾದ ಮೇಲೆ, ಮುದ್ದೆ ಬೆಂದ ನಂತರ. ತಟ್ಟೆ ಇಟ್ಟು ದೂರ ನಿಂತು ನಾನು ನುಂಗುವುದನ್ನೇ ನೋಡಿದಳು. ಎರಡನೆಯ ಮುದ್ದೆ ಮುಗಿಸಿ ಸಾರು ಕೇಳಿದಾಗ ಹತ್ತಿರ ಬಂದು ಬೆನ್ನಿಗೆ ಜೋರಾಗಿ ಒಂದು ಗುದ್ದಿದಳು. “ಬದುಕಿದ್ದಾಗ ಬಾ ಬಾ ಅಂದ್ರೆ ಗಿರಣಿ ಬಿಟ್ಟು ಬರಾಕೆ ಆಗಲ್ಲ ಅಂತಿದ್ದೆ, ಸತ್ತ ಮ್ಯಾಲೆ ಓಡಿ ಬಂದೀಯಲ್ಲೋ” ಎಂದಳು. ನನ್ನ ತಟ್ಟೆಯಲ್ಲೇ ಕೈ ಹಾಕಿ ಉಂಡಳು. ಮಾತ್ರೆ ತೆಗೆದುಕೊಂಡಳು. ಎಷ್ಟು ಗಂಟೆಗೆ ಎಂದು ಸಾಹೇಬರು ಕೇಳುತ್ತಾರೆ. ನಾನು ಗಡಿಯಾರ ನೋಡಲಿಲ್ಲ.

ಈ ದಿನ ಬೆಳಿಗ್ಗೆ ಗಾಡಿಯನ್ನು ಪರಶುರಾಮನ ಹತ್ತಿರ ಬಿಟ್ಟು ಬಸ್ಸಿನಲ್ಲಿ ಚನ್ನಗಿರಿಗೆ ಬಂದೆ. ಬೇಡವೆಂದರೂ ಅಕ್ಕ ಜೊತೆಗೆ ಬಂದಳು, ಒಬ್ಬನೇ ಹೋದರೆ ಇನ್ನೊಂದು ಸಲ ಸಾಯಿಸುತ್ತಾರೆ ಎಂದು ಅವಳ ಹೆದರಿಕೆ. ಜಂಪಣ್ಣನವರು ತಮ್ಮ ಪೇಜಿನಿಂದ ಚಿತ್ರ ತೆಗೆದಿದ್ದಾರೆ. ಜನರ ಮೊಬೈಲುಗಳಲ್ಲಿ ಓಡಾಡುತ್ತಿರುವುದನ್ನು ತೆಗೆಯಲು ಬರುವುದಿಲ್ಲ ಎನ್ನುತ್ತಾರೆ. ಸಂಘಮಿತ್ರಾಳೂ ಹೊನ್ನಾಳಿಯಿಂದ ಬಂದಿದ್ದಾಳೆ, ಕಣ್ಣು ಊದಿಕೊಂಡಿವೆ. ನಮಗೆ ಇಡೀ ಚಿತ್ರ ತೋರಿಸಿದಳು. ಗಾಡಿ ಲಕಲಕ ಹೊಳೆಯುತ್ತಿತ್ತು. ಸತ್ಯ ಹೇಳಬೇಕೆಂದರೆ ಚಿತ್ರ ಚೆನ್ನಾಗಿದೆ. ನನ್ನನ್ನು ಬಣ್ಣದಲ್ಲಿ, ನಗುವಂತೆ ಮಾಡಿ, ಕ್ಷೇಮವಾಗಿದ್ದೇನೆ ಎಂದು ಬರೆದು ಇನ್ನೊಂದು ಹಾಕುತ್ತೇನೆ ಎಂದಳು. ಅಕ್ಕ ಅವಳ ಕೈ ಹಿಡಿದು ಹೇಳಿದಳು. “ಬ್ಯಾಡವ್ವ. ಇವನಿಗೆ ಇನ್ನ ಏನೂ ಹಾಕ್ಬ್ಯಾಡ. ಹೆಂಗಿದಾನೋ ಹಂಗೇ ಇರ್ಲಿ.”

ಯಾರ ಮೇಲೆ ಏನು ಕ್ರಮ ಬೇಕು ಎಂದು ಸಾಹೇಬರು ಕೇಳಿದ್ದಾರೆ. ಹುಡುಗಿಯ ಮೇಲೆ ಬೇಡ. ಜಂಪಣ್ಣನವರ ಮೇಲೂ ಬೇಡ. ಹಾಗಾದರೆ ಠಾಣೆಗೆ ಏಕೆ ಬಂದಿರಿ ಎಂದರೆ ನನಗೆ ಸರಿಯಾಗಿ ಗೊತ್ತಿಲ್ಲ. ಸತ್ತದ್ದು ಊರೆಲ್ಲ ತಿಳಿದಿದೆ, ಬದುಕಿದ್ದು ಎಲ್ಲಾದರೂ ಒಂದು ಕಡೆ ಬರೆದಿರಲಿ ಎಂದು ಬಂದೆ. ಗುರುತಿಗೆ ಆಧಾರ್ ಕಾರ್ಡಿನ ಜೆರಾಕ್ಸ್ ಕೊಟ್ಟೆನು. ಅದರಲ್ಲಿ ನನ್ನ ಮುಖ ಕಪ್ಪು-ಬಿಳುಪಾಗಿ ಬಂದಿದ್ದನ್ನು ನೋಡಿ ಅಕ್ಕ ಕಿತ್ತುಕೊಂಡು ಸೆರಗಿನಲ್ಲಿ ಕಟ್ಟಿಕೊಂಡಿದ್ದಾಳೆ, ಕೇಳಿದರೆ ಕೊಡುತ್ತಿಲ್ಲ. ಆದ್ದರಿಂದ ಆಕೆಯ ಗುರುತನ್ನೇ ಕೆಳಗೆ ಪಡೆಯಲಾಗಿದೆ.

ಬರೆದದ್ದನ್ನು ಓದಿ ಹೇಳಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಚನ್ನಗಿರಿ
ದಿನಾಂಕ: 16-10-2025
ಸಹಿ: ಯರ್ರಿಸ್ವಾಮಿ

ಹೇಳಿಕೆ ಕೊಟ್ಟವನು ನನ್ನ ತಮ್ಮನೇ. ನಿನ್ನೆ ನನ್ನ ಕೈಯಾರೆ ಉಣ್ಣಲಿಕ್ಕೆ ಇಟ್ಟಿದ್ದೇನೆ, ಎರಡು ಮುದ್ದೆ ಉಂಡಿದ್ದಾನೆ.
ದುರುಗಕ್ಕ, ಎಡಗೈ ಹೆಬ್ಬೆಟ್ಟಿನ ಗುರುತು