ನೀಲಿ ಕಂಪ್ರೆಸರ್ ಉಳಿದು ಕರಿಯದು ಗುಜರಿಗೆ ಹೋದ ಬಗ್ಗೆ

ನಾನು, ಎಲ್ಲರೂ ಕರೆಯುವಂತೆ ಪಿಸ್ಟನ್ ಮಾವ, ವಯಸ್ಸು ಐವತ್ತೆಂಟು, ಓದು ಹಳ್ಳಿ ಶಾಲೆಯ ಏಳನೇ ತರಗತಿ, ಕಸುಬು ಕಾರ್ಖಾನೆಗಳ ಹಳೆಯ ಯಂತ್ರ ಬಿಚ್ಚಿ, ಸವೆದ ಭಾಗ ಬದಲಿಸಿ, ಹೊಸದರಂತೆ ಓಡುವ ಹಾಗೆ ಮಾಡಿಕೊಡುವುದು, ವಾಸ ರೈಲ್ವೆ ಗೇಟಿನ ಹಿಂದೆ ನನ್ನ ತಗಡಿನ ಶೆಡ್ಡಿಗೆ ಅಂಟಿಕೊಂಡ ಮನೆ, ಈ ಮೂಲಕ ತಿಳಿಸುವುದೇನೆಂದರೆ:

ಐಸ್ ಫ್ಯಾಕ್ಟರಿ ನಡೆಸುವ ಅಮ್ಮನವರ ಕಂಪ್ರೆಸರ್ ಕೆಟ್ಟು ಐಸ್ ನಿಂತುಹೋಗಿತ್ತು. ಅವರ ಮಗ ಹೊಸದೇ ಬೇಕೆಂದು ಹಠ ಹಿಡಿದಿದ್ದ. ಹೊಸದರ ಕಾಲುಭಾಗ ಖರ್ಚಿನಲ್ಲಿ ಇದನ್ನೇ ಓಡಿಸುತ್ತೇನೆ, ಇಲ್ಲದಿದ್ದರೆ ಮೀಸೆ ಬೋಳಿಸುತ್ತೇನೆ ಎಂದು ಅಮ್ಮನವರಿಗೆ ಮಾತು ಕೊಟ್ಟೆ. ಅದೇ ಮಾದರಿಯ ಇನ್ನೊಂದು ಕೆಟ್ಟ ಕಂಪ್ರೆಸರ್ ತಂದು, ಅದರ ಹೊಟ್ಟೆಯೊಳಗಿನ ಒಳ್ಳೆಯ ಭಾಗಗಳನ್ನೆಲ್ಲ ತೆಗೆದು ಅಮ್ಮನವರದಕ್ಕೆ ಕೂರಿಸಿದೆ. ಇಂಥ ಕೆಲಸ ಈ ಸುತ್ತಿನಲ್ಲಿ ಇನ್ನೊಬ್ಬ ಮಾಡಿ ತೋರಿಸಲಿ. ಇದನ್ನೂ ಬರೆದುಕೊಳ್ಳಬೇಕಾಗಿ ಕೋರಿದ್ದೇನೆ.

ಓಡಿಸಿ ನೋಡುವವರೆಗೆ ಯಂತ್ರಕ್ಕೆ ಬಣ್ಣ ಹೊಡೆಯಬಾರದು, ಹೊಡೆದರೆ ಎಣ್ಣೆ ಸೋರುವ ಜಾಗ ಮುಚ್ಚಿಹೋಗುತ್ತದೆ ಎಂಬುದು ನನ್ನ ಶೆಡ್ಡಿನ ಪದ್ಧತಿ. ಆದ್ದರಿಂದ ಅಮ್ಮನವರ ಕಂಪ್ರೆಸರ್ ಮಸಿ ಮೆತ್ತಿಕೊಂಡು ಒಳಗೆ ಕೂತಿತ್ತು. ಖಾಲಿಯಾದದ್ದು ಬಾಗಿಲಲ್ಲಿತ್ತು. ಅದಕ್ಕೆ ನೀಲಿ ಬಣ್ಣ ಹೊಡೆದಿತ್ತು. ಹೊಡೆದವರು ಯಾರು ಎಂಬುದು ಈ ದೂರಿಗೆ ಸಂಬಂಧಪಟ್ಟದ್ದಲ್ಲ.

ಇಂದು ಬೆಳಿಗ್ಗೆ ಒಂಬತ್ತಕ್ಕೆ ಎಣ್ಣೆ ತರಲು ಹೊರಟಾಗ, ಗುಜರಿಯವನು ಬಂದರೆ ಕೆಲಸಕ್ಕೆ ಬಾರದ ಕಂಪ್ರೆಸರ್ ಕೊಟ್ಟು ಕಳಿಸು ಎಂದು ನನ್ನ ಹೆಂಡತಿಯ ತಮ್ಮನಿಗೆ ಹೇಳಿದೆ. ಅವನು ಶೆಡ್ಡಿನಲ್ಲಿರುವುದು ಕೆಲಸ ಬರುತ್ತದೆಂದಲ್ಲ, ಅವನ ಅಕ್ಕನ ಕಾಟಕ್ಕೆ. ನಾನು ವಾಪಸಾದಾಗ ಅವನು ನೀಲಿಯದನ್ನು ಬಟ್ಟೆಯಲ್ಲಿ ಒರೆಸುತ್ತಿದ್ದ.

"ಭಾವ, ಆ ಕರಿ ಪಿಶಾಚಿ ತೊಲಗ್ತು. ನಾಲ್ಕು ಜನ ಹಿಡೀಬೇಕಾಯ್ತು ನೋಡಿ," ಎಂದ.

ಅದೇ ಕಣೋ ಒಳ್ಳೇದು, ಇದು ಬರೀ ಚಿಪ್ಪು ಎಂದು ಕೂಗಿದೆ.

"ಹಾಗಾದ್ರೆ ಬಂದೋರನ್ನೆಲ್ಲ ಕರೆದು ಇದರ ಮುಂದೇನೇ ಯಾಕೆ ಫೋಟೊ ತೆಗೆಸ್ಕೊಳ್ತೀರ?" ಎಂದು ಕೇಳಿದ. ಇದೂ ಈ ದೂರಿಗೆ ಸಂಬಂಧಪಟ್ಟದ್ದಲ್ಲ.

ಅವನನ್ನೂ ಎಳೆದುಕೊಂಡು ಗುಜರಿ ಅಂಗಡಿಗೆ ಹೋದೆ. ಅಮ್ಮನವರ ಕಂಪ್ರೆಸರ್ ಮಗ್ಗುಲಾಗಿ ಬಿದ್ದಿತ್ತು, ಪಕ್ಕದಲ್ಲಿ ಗ್ಯಾಸ್ ಕಟರ್ ತಯಾರಿತ್ತು. ನೀಲಿಯದು ತಗೋ, ಇದನ್ನು ಕೊಡು ಎಂದೆ. ಗುಜರಿಯವನು ನಕ್ಕ.

"ಏನ್ ಮಾವ, ಹೋದ ತಿಂಗಳು ನೀಲೀದು ಹೊಸದನ್ನೂ ಮೀರಿಸುತ್ತೆ ಅಂದ್ರಿ! ಅದು ಖಾಲಿ ಡಬ್ಬ ಅಂತ ಇವರೆಲ್ಲರ ಮುಂದೆ ಒಂದ್ಸಲ ಹೇಳ್ಬಿಡಿ, ಕರೀದನ್ನ ಈಗಲೇ ಎತ್ತಿಸ್ತೀನಿ," ಎಂದ. ಕೂಲಿಯವರು ಕೆಲಸ ಬಿಟ್ಟು ನಿಂತರು. ಭಾಮೈದನೂ ಅವರ ಸಾಲಿನಲ್ಲೇ ನಿಂತ.

ನಾನು ಹೇಳಲಿಲ್ಲ. ಕಳ್ಳತನದ ದೂರು ಕೊಡಲು ಈ ಠಾಣೆಗೆ ಬಂದೆ, ಅವರಿಬ್ಬರೂ ಹಿಂದೆಯೇ ಬಂದರು. ನಿಮ್ಮವರೇ ಕೈಯಾರೆ ಕೊಟ್ಟಮೇಲೆ ಇದು ಕಳ್ಳತನ ಹೇಗಾಗುತ್ತದೆ ಎಂದು ಸಾಹೇಬರು ಕೇಳಿದರು. ಅಷ್ಟರಲ್ಲಿ ಅಮ್ಮನವರ ಫೋನ್ ಬಂತು. ಇವತ್ತು ರಾತ್ರಿಯೊಳಗೆ ಕಂಪ್ರೆಸರ್ ಬರದಿದ್ದರೆ ನಾಳೆ ಮಗ ಹೊಸದು ಇಳಿಸುತ್ತಾನೆ, ತಮ್ಮ ಮಾತಿಗೆ ಮನೆಯಲ್ಲಿ ಇನ್ನು ಬೆಲೆ ಇರುವುದಿಲ್ಲ ಎಂದರು. ನಿನ್ನನ್ನು ನಂಬಿದೆನಲ್ಲಪ್ಪ ಎಂದರು.

ಆದ್ದರಿಂದ ಹೇಳುತ್ತೇನೆ. ನೀಲಿಯದು ಖಾಲಿ ಡಬ್ಬ. ಬಣ್ಣ ಹೊಡೆದವನು ನಾನೇ. ಎರಡು ಕೋಟು.

ಇಷ್ಟೂ ನಿಜ, ನಾನು ಹೇಳಿದ ಹಾಗೆಯೇ ಬರೆದಿದೆ. ಭಾಮೈದ ಮತ್ತು ಗುಜರಿಯವನು ಹೊರಗೆ ಬೆಂಚಿನ ಮೇಲೆ ಕೂತಿರುವುದರಿಂದ, ಕಡೆಯ ನಾಲ್ಕು ಮಾತನ್ನು ಮೆಲ್ಲಗೆ ಓದಿ ಹೇಳಬೇಕೆಂದು ಕೋರಿದೆ. ಜೋರಾಗಿಯೇ ಓದಲಾಯಿತು. ಗುಜರಿಯವನು ಕಂಪ್ರೆಸರ್ ಎತ್ತಿಸಲು ಹೋಗಿದ್ದಾನೆ. ಭಾಮೈದ ಇನ್ನೂ ನಗುತ್ತಿದ್ದಾನೆ.

ಸ್ಥಳ: ಪೊಲೀಸ್ ಠಾಣೆ
ದಿನ: ಮಂಗಳವಾರ, ಸಂಜೆ ಐದು ಗಂಟೆ
ಸಹಿ: ಪಿಸ್ಟನ್ ಮಾವ