ಡಾಕ್ಟರಿಗೆಂದು ಉಟ್ಟ ರೇಷ್ಮೆ ಸೀರೆ

ಸಾರಕ್ಕಿಯ ಕ್ಲಿನಿಕ್ಕೊಂದರಲ್ಲಿ ಸರದಿಗೆ ಕಾಯುತ್ತಿದ್ದೆ. ಒಳಗೆ ಹೋದ ಅತ್ತೆ ಸೊಸೆ ಎರಡೇ ನಿಮಿಷಕ್ಕೆ ಹೊರಬಂದರು. ರೇಷ್ಮೆ ಸೀರೆ ಉಟ್ಟಿದ್ದ ಅತ್ತೆ ಸುಧಾರಿಸಿಕೊಳ್ಳಲು ನನ್ನ ಪಕ್ಕ ಕೂತರು.

“ಗ್ಯಾಸು ಅಂದ್ಬಿಟ್ರಲ್ಲ ದಿವ್ಯಾ. ಕೈ ಹಿಡಿದೂ ನೋಡ್ಲಿಲ್ಲ.”

“ಮದುವೆಗೆ ಹೊರಟೋರ ಥರ ಬಂದು ಉಸಿರು ಕಟ್ಟುತ್ತೆ ಅಂದ್ರೆ ಯಾರು ನಂಬ್ತಾರೆ ಅತ್ತೆ?”

“ಹೋದ ವಾರ ಹಳೇ ಸೀರೇಲಿ ಬಂದಾಗ ತಲೇನೇ ಎತ್ತಲಿಲ್ಲ. ಅದಕ್ಕೇ ಉಟ್ಕೊಂಡೆ.”

“ಹಸು ಕತೆ ಯಾಕೆ ತೆಗೆದ್ರಿ? ಅವರು ನಗ್ತಿದ್ರು.”

“ಹಸೂಗೆ ನೀರು ಹೊತ್ಕೊಂಡು ಹೋಗುವಾಗ್ಲೇ ಅಲ್ವಾ ಎದೆ ಹಿಡಿಯೋದು? ನಮ್ಮನೇಲಿ ಬಾಡಿಗೆಗಿರೋ ಶಿವರಾಮ್ ಮೇಷ್ಟ್ರು ಎದೆನೋವು ಅಂದಿದ್ದಕ್ಕೆ ಇದೇ ಡಾಕ್ಟ್ರು ಅವತ್ತೇ ಹಾರ್ಟ್ ಟೆಸ್ಟಿಗೆ ಕಳಿಸಿದ್ರು.”

“ಮೇಷ್ಟ್ರು ಇಂಗ್ಲಿಷಲ್ಲಿ ನೀಟಾಗಿ ಹೇಳ್ತಾರೆ.”

“ನೀನೂ ಇಂಗ್ಲಿಷಲ್ಲಿ ಏನೋ ಹೇಳಿದೆಯಲ್ಲ.”

“ಹೂಂ. ನಮ್ಮತ್ತೆಗೆ ಎಲ್ಲಾನೂ ದೊಡ್ಡದು ಮಾಡೋ ಅಭ್ಯಾಸ ಅಂದೆ.”

ಅತ್ತೆ ಎದ್ದು ಎರಡು ಹೆಜ್ಜೆ ಇಟ್ಟು ನಿಂತರು.

“ಒಂದು ನಿಮಿಷ ಇರು.”

“ಗ್ಯಾಸ್ ತಾನೇ ಅತ್ತೆ, ನಡೀರಿ. ನಡೆದ್ರೆ ಹೋಗುತ್ತೆ.”

ಒಂದು ಕೈಯಲ್ಲಿ ಗೋಡೆ, ಇನ್ನೊಂದರಲ್ಲಿ ನೆರಿಗೆ ಹಿಡಿದು ಅತ್ತೆ ನಡೆದರು.