ಮೊದಲ ದಿನದ ಮಹಾರಾಜ

ಈ ಸಭೆಯ ಅಧ್ಯಕ್ಷರಾದ ಹಿರಿಯರೇ, ವೇದಿಕೆಯ ಮೇಲಿರುವ ಗಣ್ಯರೇ, ನಾನು ಇವತ್ತು ಏನು ಬೈಯುತ್ತೇನೋ ಎಂದು ಮುಂದಿನ ಸಾಲಿನಲ್ಲಿ ಮುಖ ಬಿಗಿದುಕೊಂಡು ಕುಳಿತಿರುವ ಕಂಪನಿಗಳ ಪ್ರತಿನಿಧಿಗಳೇ, ಹಿಂದಿನ ಸಾಲುಗಳಲ್ಲಿ ತಲೆ ತಗ್ಗಿಸಿ ಮೊಬೈಲಿನಲ್ಲಿ ಆಡುತ್ತಿರುವ ನನ್ನ ಪ್ರೀತಿಯ ಸಭಿಕರೇ,

ಗೇಮ್ ಆಡುವವರ ಸಂಘವೊಂದು ವಾರ್ಷಿಕೋತ್ಸವ ಮಾಡಿ, ಅದಕ್ಕೆ ಇನ್ನೂರು ಜನ ಮನೆ ಬಿಟ್ಟು ಹೊರಗೆ ಬಂದು ಬಿಸಿಲಿಗೆ ಮುಖ ಕೊಟ್ಟಿದ್ದಾರೆ ಎಂದರೆ ಅದೇ ಒಂದು ಪವಾಡ. ಅದಕ್ಕೆ ಕಾರ್ಯದರ್ಶಿಗಳನ್ನು ಅಭಿನಂದಿಸುತ್ತೇನೆ. ಹತ್ತು ವರ್ಷ ನಾನು ಬರೆದ 'ಕಾದು ಕೊಳ್ಳಿ' ಅಂಕಣಕ್ಕಾಗಿ ನನಗೆ ಈ ಫಲಕ ಕೊಟ್ಟಿದ್ದೀರಿ. ಇದರ ಮೇಲೆ 'ಬೆಲೆಯ ವಿಷಯದಲ್ಲಿ ಎಂದೂ ಸುಳ್ಳಾಡದವರು' ಎಂದು ಕೆತ್ತಿಸಿದ್ದೀರಿ. ಅಧ್ಯಕ್ಷರೂ ತಮ್ಮ ಮಾತಿನಲ್ಲಿ ಅದನ್ನೇ ಎರಡು ಸಲ ಹೇಳಿದರು. ಎರಡು ಸಲವೂ ನಾನು ತಲೆ ತಗ್ಗಿಸಿದೆ. ನೀವು ಅದನ್ನು ವಿನಯ ಎಂದುಕೊಂಡಿರಿ. ಅದು ವಿನಯವಲ್ಲ. ಬೆಲೆಯ ವಿಷಯದಲ್ಲಿ ನಾನು ಒಂದು ಸುಳ್ಳು ಹೇಳಿದ್ದೇನೆ. ಯಾರಿಗೆ ಹೇಳಿದೆನೋ ಅವರು ಇದೇ ಸಭಾಂಗಣದಲ್ಲಿ, ಎಡಗಡೆಯ ಕಂಬದ ಪಕ್ಕ ಕುಳಿತಿದ್ದಾರೆ. ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಇಲ್ಲಿ ಹೇಳಿಬಿಡಬೇಕು ಎಂದುಕೊಂಡು ಬಂದಿದ್ದೇನೆ. ಸ್ವಲ್ಪ ಸುತ್ತು ಹಾಕಿಕೊಂಡು ಬರುತ್ತೇನೆ, ಸಹಿಸಿಕೊಳ್ಳಿ.

ಮೊದಲು ಬೈಗುಳದ ಬಾಕಿ ತೀರಿಸುತ್ತೇನೆ. ಟಿವಿಗೆ ಸಿಕ್ಕಿಸಿ ಗೇಮ್ ಆಡುವ ಕನ್ಸೋಲ್ ಎಂಬ ಡಬ್ಬಿಯನ್ನು ಮಾರುವವರು ಏನು ಮಾರುತ್ತಾರೆ? ಡಬ್ಬಿಯನ್ನೇ? ಅಲ್ಲ ಸ್ವಾಮಿ, ಆತುರವನ್ನು. 'ಇನ್ನು ಮೂರೇ ದಿನ' ಎನ್ನುತ್ತಾರೆ. 'ಸೀಮಿತ ಆವೃತ್ತಿ' ಎನ್ನುತ್ತಾರೆ, ಅದಕ್ಕೆ ಸೀಮೆ ಎಲ್ಲಿದೆಯೋ ದೇವರೇ ಬಲ್ಲ, ಎರಡು ವರ್ಷವಾದ ಮೇಲೂ ಅಂಗಡಿಯಲ್ಲಿ ಧೂಳು ತಿನ್ನುತ್ತಿರುತ್ತದೆ. ಡಬ್ಬಿಯ ಚಿತ್ರದಲ್ಲಿ ಇಬ್ಬರು ಕೂತು ನಗುತ್ತಾ ಆಡುತ್ತಿರುತ್ತಾರೆ, ಡಬ್ಬಿ ತೆರೆದರೆ ಕಂಟ್ರೋಲರ್ ಒಂದೇ! ಇನ್ನೊಬ್ಬ ಏನು ಹಿಡಿದುಕೊಂಡು ಆಡಬೇಕು, ಟಿವಿ ರಿಮೋಟೇ? ಗೇಮನ್ನು ಅರ್ಧಂಬರ್ಧ ಬೇಯಿಸಿ ಬಡಿಸುತ್ತಾರೆ, ಉಳಿದರ್ಧಕ್ಕೆ ಇನ್ನೊಮ್ಮೆ ದುಡ್ಡು ಕೇಳುತ್ತಾರೆ. ಅದಕ್ಕೇ ನಾನು ಹತ್ತು ವರ್ಷ ಒಂದೇ ಮಾತು ಬರೆದೆ, ತಾಳಿದವನು ಬಾಳಿಯಾನು. ನನ್ನ 'ಗಂಟೆ ಲೆಕ್ಕ' ನಿಮಗೆಲ್ಲ ಬಾಯಿಪಾಠ. ಕೊಟ್ಟ ಬೆಲೆಯನ್ನು ಆಡುವ ಗಂಟೆಗಳಿಂದ ಭಾಗಿಸಿ. ಗಂಟೆಗೆ ಒಂದು ಕಪ್ ಕಾಫಿಗಿಂತ ಹೆಚ್ಚು ಬಿದ್ದರೆ ಕೊಳ್ಳಬೇಡಿ. ಚಪ್ಪಾಳೆ ಬೇಡ, ದಯವಿಟ್ಟು.

ಮಹಾರಾಜನೂ ನಿಮಗೆ ಗೊತ್ತು. ನನ್ನ ಅಂಕಣಕ್ಕೆ ಹೆಸರು ತಂದುಕೊಟ್ಟವನೇ ಅವನು, ಮೊದಲ ದಿನದ ಮಹಾರಾಜ. ಅಂಗಡಿ ಬಾಗಿಲು ತೆರೆಯುವ ಮುಂಚೆಯೇ ಸಾಲಿನಲ್ಲಿ ನಿಲ್ಲುವವನು. ಪೂರ್ತಿ ಬೆಲೆ ಕೊಡುವವನು. ಅಂಗಡಿಯವನು 'ಸಾರ್, ಸ್ಟ್ಯಾಂಡು?' ಎಂದರೆ ಸ್ಟ್ಯಾಂಡು, 'ಸಾರ್, ಚೀಲ?' ಎಂದರೆ ಚೀಲ. ಆ ಸ್ಟ್ಯಾಂಡಿನ ಮೇಲೆ ಇವತ್ತಿಗೂ ಇಸ್ತ್ರಿಪೆಟ್ಟಿಗೆ ಕೂತಿದೆ ಎಂದು ನಾನು ಬರೆದಾಗ ನೀವೆಲ್ಲ ಬಿದ್ದು ಬಿದ್ದು ನಕ್ಕಿರಿ. ಈಗಲೂ ನಗುತ್ತಿದ್ದೀರಿ. ನಗಿ, ತಪ್ಪಿಲ್ಲ. ನಗಿಸಿದವನು ನಾನು.

ಮಹಾರಾಜ ಕಲ್ಪನೆಯಲ್ಲ. ಅವರು ನನ್ನ ಭಾವ. ಅಕ್ಕನ ಗಂಡ. ಲಿಫ್ಟ್ ರಿಪೇರಿ ಮೆಕ್ಯಾನಿಕ್ ಆಗಿ ಮೂವತ್ತನಾಲ್ಕು ವರ್ಷ ದುಡಿದವರು. ಎರಡು ಗೋಡೆಗಳ ನಡುವಿನ ಕತ್ತಲಲ್ಲಿ ನೇತಾಡಿಕೊಂಡು, ಕಣ್ಣಿಗೆ ಕಾಣದ ನಟ್ಟನ್ನು ಬೆರಳಿನಿಂದಲೇ ಹುಡುಕಿ ಬಿಗಿಯುತ್ತಿದ್ದವರು. ಅಮ್ಮ ತೀರಿಕೊಂಡ ಮೇಲೆ ನಾನು ಬೆಳೆದದ್ದು ಅವರ ಮನೆಯಲ್ಲಿ, ಅವರ ಅನ್ನ ತಿಂದು.

ನನಗೆ ಹದಿನಾಲ್ಕು ವರ್ಷವಾದಾಗ ಮೆಟ್ಟಿಲಿನಿಂದ ಬಿದ್ದು ತೊಡೆಯ ಮೂಳೆ ಮುರಿಯಿತು. ಐದು ತಿಂಗಳು ಹಾಸಿಗೆ. ಮೂರನೇ ಮಹಡಿಯ ಮನೆ. ಮೊದಲ ವಾರ ಗೆಳೆಯರು ಬಂದರು, ಎರಡನೇ ವಾರ ಒಬ್ಬ ಬಂದ, ಆಮೇಲೆ ಯಾರೂ ಬರಲಿಲ್ಲ. ನಾನು ಗೋಡೆಯ ಕಡೆ ತಿರುಗಿ ಮಲಗಲು ಶುರುಮಾಡಿದೆ. ಆಗಲೇ ಭಾವ ಅರ್ಧ ದಿನ ರಜೆ ಹಾಕಿ, ಗ್ರೀಸ್ ಮೆತ್ತಿದ ಸಮವಸ್ತ್ರದಲ್ಲೇ ಸಾಲಿನಲ್ಲಿ ನಿಂತು ಆ ಡಬ್ಬಿ ತಂದದ್ದು. ಅಕ್ಕ ಹಣೆ ಚಚ್ಚಿಕೊಂಡಳು.

"ಅಲ್ಲ ಕಣ್ರೀ, ಆರು ತಿಂಗಳು ಕಾದ್ರೆ ಅರ್ಧ ಬೆಲೆಗೆ ಸಿಗುತ್ತಂತೆ! ಅಷ್ಟೇನು ಅರ್ಜೆಂಟು ನಿಮಗೆ?"

"ಆರು ತಿಂಗಳು ಕಾದ್ರೆ ಇವನು ಎದ್ದು ಓಡಾಡ್ತಿರ್ತಾನೆ ಕಣೇ. ಆಮೇಲೆ ತಂದು ಏನು ಮಾಡ್ಲಿ?" ಎಂದರು ಭಾವ.

ಈ ಒಂದು ಮಾತನ್ನು ನಾನು ಅಂಕಣದಲ್ಲಿ ಎಂದಾದರೂ ಬರೆದೆನೇ? ಇಲ್ಲ. ಬರೆದಿದ್ದರೆ ಜೋಕು ಕೆಡುತ್ತಿತ್ತು.

ಎರಡನೇ ಕಂಟ್ರೋಲರನ್ನೂ ತಂದಿದ್ದರು, ತಮಗೆ. ಕೆಲಸ ಮುಗಿಸಿ ಬಂದವರು ಕೈ ತೊಳೆದು ನನ್ನ ಹಾಸಿಗೆಯ ತುದಿಗೆ ಕೂರುತ್ತಿದ್ದರು. ಕಾರ್ ರೇಸಿನ ಗೇಮು. ಒಂದು ದಿನವೂ ಗೆದ್ದವರಲ್ಲ. ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದುತ್ತಿದ್ದರು, ಯಾಕೆಂದರೆ ರಸ್ತೆ ನೋಡುತ್ತಲೇ ಇರಲಿಲ್ಲ. "ಲೋ ಪಂಡಿತ, ಆ ಕಟ್ಟಡ ನೋಡೋ, ನಲವತ್ತು ಮಹಡಿ ಇದೆ. ಕಡಿಮೆ ಅಂದ್ರೂ ಆರು ಲಿಫ್ಟ್ ಬೇಕು!" ಎನ್ನುತ್ತಿದ್ದರು. ನಾನು ನಕ್ಕೂ ನಕ್ಕೂ ಕಾಲು ನೋಯುತ್ತಿತ್ತು. ಆ ಡಬ್ಬಿಗೆ ನನ್ನ ಗಂಟೆ ಲೆಕ್ಕ ಹಾಕಿದರೆ ಎಷ್ಟು ಬಿದ್ದೀತು? ಊರಿನ ಡಬ್ಬಿಗಳಿಗೆಲ್ಲ ಲೆಕ್ಕ ಹಾಕಿದವನು ಅದೊಂದಕ್ಕೆ ಹಾಕಲಿಲ್ಲ.

ಭಾವ ನನ್ನ ಅಂಕಣ ಒಂದನ್ನೂ ಬಿಡದೆ ಓದುತ್ತಿದ್ದರು. ಮಹಾರಾಜ ತಾವೇ ಎಂದು ಅವರಿಗೆ ಗೊತ್ತಿತ್ತು. ಜೊತೆ ಕೆಲಸದವರಿಗೆ ತಾವೇ ಓದಿ ಹೇಳಿ ನಗುತ್ತಿದ್ದರಂತೆ. ನಗುತ್ತಾರಲ್ಲ, ಮತ್ತೇನು, ಎಂದುಕೊಂಡೆ. ಮನುಷ್ಯ ನಗುತ್ತಲೇ ಏನೆಲ್ಲ ನುಂಗಿಕೊಳ್ಳುತ್ತಾನೆ ಎಂದು ಆಗ ನನಗೆ ತಿಳಿದಿರಲಿಲ್ಲ.

ಮೂರು ವರ್ಷದ ಹಿಂದೆ, ನಿವೃತ್ತಿಯಾದ ತಿಂಗಳು, ಅವರು ನನ್ನ ಮನೆಗೆ ಬಂದರು. ಜೇಬಿನಿಂದ ನಾಲ್ಕಾಗಿ ಮಡಚಿದ ಜಾಹೀರಾತು ತೆಗೆದರು. ಹೊಸ ಕನ್ಸೋಲು, ಅದರ ಜೊತೆ ಅದೇ ಕಾರ್ ರೇಸು ಹೊಸದಾಗಿ.

"ಪಂಡಿತ್ರೇ, ಇದನ್ನ ತಗೋಬಹುದಾ? ಇಲ್ಲಾ ಮತ್ತೆ ನನ್ನ ಬಗ್ಗೆ ಬರೆದುಬಿಡ್ತೀರಾ?"

ತಮಾಷೆಯಾಗಿಯೇ ಕೇಳಿದರು. ಆದರೆ ಕೇಳಿದರು, ನೋಡಿ. ಹಿಂದೆ ಯಾರನ್ನೂ ಕೇಳದೆ ಸಾಲಿನಲ್ಲಿ ನಿಂತವರು, ಈಗ ನನ್ನನ್ನು ಕೇಳಿದರು. ನಾನೇನು ಮಾಡಿದೆ? ಕ್ಯಾಲ್ಕ್ಯುಲೇಟರ್ ತೆಗೆದೆ! "ಭಾವ, ನೀವು ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ ಆಡ್ತೀರಿ. ಗಂಟೆ ಲೆಕ್ಕದಲ್ಲಿ ಇದು ಶುದ್ಧ ದಂಡ. ಒಂದು ವರ್ಷ ಕಾಯಿರಿ, ಬೆಲೆ ಬಿದ್ದೇ ಬೀಳುತ್ತೆ" ಎಂದೆ.

"ಸರಿಯಪ್ಪ. ಇದರಲ್ಲಿ ನಿನಗಿಂತ ತಿಳಿದವರು ಯಾರಿದಾರೆ" ಎಂದು ಕಾಗದವನ್ನು ಮತ್ತೆ ಮಡಚಿಕೊಂಡರು.

ವರ್ಷವಾಯಿತು, ಬೆಲೆ ಬೀಳಲಿಲ್ಲ. ಇನ್ನಾರು ತಿಂಗಳು ಎಂದೆ. ಅದೂ ಕಳೆಯಿತು. ಆಮೇಲೆ ಕಂಪನಿಯವರು ಹಳೆಯದಾದ ಅದೇ ಡಬ್ಬಿಗೆ ಬೆಲೆ ಏರಿಸಿದರು. ಅದರ ಬಗ್ಗೆ ನಾನು ಬೆಂಕಿ ಕಾರಿದ ಅಂಕಣವನ್ನು ಅತಿ ಹೆಚ್ಚು ಜನ ಓದಿದರು. ನನಗೆ ಹೆಮ್ಮೆಯೋ ಹೆಮ್ಮೆ. ಅದೇ ವಾರ ಅಕ್ಕನ ಮನೆಗೆ ಹೋದಾಗ ಅವಳು ಭಾವನ ಅಂಗಿಯ ಗುಂಡಿ ಹಾಕುತ್ತಿದ್ದಳು. ಭಾವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದರು. ನೋಡಿದೆ. ನೋಡಿಯೂ, ವಯಸ್ಸಾಯಿತಲ್ಲ ಎಂದುಕೊಂಡು ಬಂದೆ. ನಡುಕದ ಕಾಯಿಲೆ ಎಂದು ಡಾಕ್ಟರು ಹೇಳಿದ್ದು ನನಗೆ ತಿಳಿದದ್ದು ಮುಂದಿನ ತಿಂಗಳು. ಅವತ್ತೇ ಓಡಿಹೋಗಿ, ಏರಿದ ಬೆಲೆ ಕೊಟ್ಟು, ಚೌಕಾಸಿ ಮಾಡದೆ ಆ ಡಬ್ಬಿ ಕೊಂಡುತಂದೆ.

ಕೈ ನಡುಗಲು ಶುರುವಾದ ಮೇಲೆ ಭಾವ ಹಿಡಿದು ಓದುವುದನ್ನೇ ಬಿಟ್ಟಿದ್ದರು, ಬೆಲೆ ಏರಿದ ಆ ಅಂಕಣ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಅವರು ಮೊದಲು ಕೇಳಿದ್ದೇನು ಗೊತ್ತೇ? "ಏನೋ, ಇಳೀತಾ?"

ಸಭಿಕರೇ, ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ನಾನು ಹೇಳಿದೆ, "ಇಳೀತು ಭಾವ. ಮೂರರಲ್ಲಿ ಒಂದು ಭಾಗ."

ಅವರ ಮುಖ ಅರಳಿತು. ಅಡುಗೆಮನೆಯ ಕಡೆ ತಿರುಗಿ ಕೂಗಿದರು, "ಕೇಳಿಸ್ತೇನೇ? ಕಾದಿದ್ದಕ್ಕೂ ಸಾರ್ಥಕ ಆಯ್ತು!"

ಕಂಟ್ರೋಲರನ್ನು ಅವರ ಕೈಗಿಟ್ಟೆ. ಕಾರು ಹೊರಟಿತು, ಹೋಗಿ ಗೋಡೆಗೆ ಗುದ್ದಿತು. ಗುದ್ದಿದಾಗ ಕಂಟ್ರೋಲರ್ ಕೈಯಲ್ಲೇ ಗುಂಯ್ ಎಂದು ನಡುಗುತ್ತದೆ, ನಿಮಗೆ ಗೊತ್ತಲ್ಲ. ಭಾವ ಅದನ್ನು ನೋಡಿದರು, ನನ್ನನ್ನು ನೋಡಿದರು. "ಲೋ, ನಡುಗ್ತಾ ಇರೋದು ಇದೋ, ನಾನೋ?" ಎಂದು ಜೋರಾಗಿ ನಕ್ಕರು. ನನಗೆ ನಗಲಾಗಲಿಲ್ಲ. ಮೂರು ಸಲ ಪ್ರಯತ್ನಪಟ್ಟರು. ಬೆರಳು ಗುಂಡಿಯ ಮೇಲೆ ನಿಲ್ಲಲೇ ಇಲ್ಲ. ಕೊನೆಗೆ ಅದನ್ನು ನನ್ನ ತೊಡೆಯ ಮೇಲಿಟ್ಟು, "ನೀನಾಡು, ನಾನು ಕಟ್ಟಡ ನೋಡ್ತೀನಿ" ಎಂದರು. ಅಕ್ಕ ಬಾಗಿಲಲ್ಲಿ ನಿಂತು, "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ" ಎಂದು ಒಳಗೆ ಹೋದಳು. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಸಮಯ ಮೀರಿದೆ. ಇನ್ನೊಂದೇ ಮಾತು, ಅದು ನಿಮಗೆ ಹೇಳುವುದಲ್ಲ.

ಭಾವ, ಬೆಲೆ ಇಳಿದಿರಲಿಲ್ಲ. ಏರಿತ್ತು. ನೀವು ಕಾದಿದ್ದಕ್ಕೆ ಯಾವ ಸಾರ್ಥಕವೂ ಆಗಲಿಲ್ಲ. ನಿಮ್ಮ ಕೈ ನೆಟ್ಟಗಿದ್ದ ಎರಡು ವರ್ಷ ನಿಮ್ಮ ಬಳಿ ಇತ್ತು, ಅದನ್ನು ನಾನು ಕಾಯಿಸಿ ಕಾಯಿಸಿ ಹಾಳುಮಾಡಿದೆ. ಕಂಪನಿ ಮಾಡಿದ ಮೋಸವಲ್ಲ ಇದು, ನನ್ನ ಬುದ್ಧಿವಂತಿಕೆ ಮಾಡಿದ್ದು. ನನಗೆ ಐದು ತಿಂಗಳು ಕಷ್ಟವೆಂದಾಗ ನೀವು ಒಂದು ದಿನವೂ ಕಾಯಲಿಲ್ಲ. ಊರೆಲ್ಲ ಅದಕ್ಕೆ ನಗುವ ಹಾಗೆ ಮಾಡಿದೆ, ಹತ್ತು ವರ್ಷ. ನನ್ನನ್ನು ಕ್ಷಮಿಸಿ ಭಾವ.

ಕಾರ್ಯದರ್ಶಿಗಳೇ, ಈ ಫಲಕವನ್ನು ಇಲ್ಲೇ ಮೇಜಿನ ಮೇಲೆ ಇಟ್ಟಿದ್ದೇನೆ. ಸಂಘಕ್ಕೂ, ತಾಳ್ಮೆಯಿಂದ ಕೇಳಿದ ನಿಮಗೆಲ್ಲರಿಗೂ ನಾನು ಋಣಿ.

ಅಯ್ಯೋ, ಏಳಬೇಡಿ ಭಾವ. ಅಕ್ಕ, ಅವರನ್ನು ಹಿಡ್ಕೋ, ಬಿದ್ದಾರು. ಕೂತಿರಿ ಭಾವ, ನಾನೇ ಅಲ್ಲಿಗೆ ಬರ್ತೀನಿ.

ಎಲ್ಲರಿಗೂ ನಮಸ್ಕಾರ.